ಕೈನಡುಕವನ್ನು ಒಳಕೋಣೆಯಲ್ಲಿ ಬಚ್ಚಿಡಬೇಡಿ

ಕಳೆದ ವರ್ಷ ಈದ್ ಕಳೆದು ಎರಡು ವಾರವಾಗಿತ್ತು. ನನ್ನ ಮಾಮುವಿನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮುಮಾನಿ ಬೆಳಗಿನಿಂದ ಅಡುಗೆಮನೆ ಬಿಟ್ಟು ಹೊರಬಂದಿರಲಿಲ್ಲ. ನಾನು ಹೋದಾಗ ಹಾಲ್‌ನಲ್ಲಿ ಎಲ್ಲರೂ ಇದ್ದರು, ಮಾಮು ಮಾತ್ರ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಿಂದಿನ ಕೋಣೆಯಲ್ಲಿ, ಬೀರುವಿನ ಪಕ್ಕದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು ಕುಳಿತಿದ್ದರು. ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದಿದ್ದರು. "ಅವರು ಹೋಗುವವರೆಗೆ ಇಲ್ಲೇ ಇರ್ತೇನಮ್ಮಾ. ಈ ಕೈ ನೋಡಿದರೆ ಏನಾದರೂ ಅಂದುಕೊಂಡಾರು" ಎಂದರು.

ಮಾಮುಗೆ ಈಗ 61 ವರ್ಷ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು. ನಾಲ್ಕು ವರ್ಷದ ಹಿಂದೆ ಬಲ ಭುಜ ಹಿಡಿದುಕೊಂಡಿತು. ವೈದ್ಯರೊಬ್ಬರು ಒಂದೂವರೆ ವರ್ಷ ಭುಜಕ್ಕೇ ಮದ್ದು ಕೊಟ್ಟರು. ಆಮೇಲೆ ಅಕ್ಷರಗಳು ಸಣ್ಣದಾಗುತ್ತಾ ಬಂದವು, ನಡೆಯುವಾಗ ಬಲಗೈ ಬೀಸುವುದು ನಿಂತಿತು, ಕೊನೆಗೆ ಹೆಬ್ಬೆರಳು ನಡುಗತೊಡಗಿತು. ಆಗಷ್ಟೇ ಪಾರ್ಕಿನ್ಸನ್ ಎಂಬ ಹೆಸರು ನಮ್ಮ ಮನೆಗೆ ಬಂದದ್ದು.

ಅಂದು ಬಂದವರಿಗೆ ವಿಷಯ ಹೇಗೋ ತಿಳಿಯಿತು. ಮೂರನೇ ದಿನ ಫೋನ್ ಬಂತು. "ಹುಡುಗಿ ಚೆನ್ನಾಗಿದ್ದಾಳೆ, ಆದರೆ ಅವಳ ತಂದೆಯ ಕಾಯಿಲೆ ರಕ್ತದಲ್ಲಿ ಬರುವಂಥದ್ದಂತೆ, ನಮಗೆ ಧೈರ್ಯ ಸಾಲದು" ಎಂದರು. ಅವತ್ತು ರಾತ್ರಿ ಆ ಹುಡುಗಿ ನನಗೆ ಫೋನ್ ಮಾಡಿ ಸಂಬಂಧ ತಪ್ಪಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. "ಆಪಾ, ನನಗೂ ಬರುತ್ತಾ?" ಎಂದಷ್ಟೇ ಕೇಳಿದಳು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿದ್ದನ್ನು, ವೈದ್ಯರ ಬಳಿ ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಬ್ಬ ಮಾಮು, ಒಬ್ಬ ದಾದಿ, ಒಬ್ಬ ಚಾಚಾ ಹೀಗೆ ಒಳಕೋಣೆಯಲ್ಲಿ ಕುಳಿತಿರಬಹುದು.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯಲ್ಲಿ ಕಂಡ ಲಕ್ಷಣಗಳನ್ನು ಸೇರಿಸಿ ಒಂದು ಪುಟ್ಟ ಪುಸ್ತಕ ಬರೆದರು. ಕಾಯಿಲೆಗೆ ಅವರ ಹೆಸರೇ ಉಳಿಯಿತು. ಮೆದುಳಿನ ನಡುಭಾಗದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಜಾಗವಿದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಚಲನೆ ಸರಾಗವಾಗಿ ಸಾಗಬೇಕಾದರೆ ಅದು ಬೇಕು. ಆ ಕೋಶಗಳು ಒಂದೊಂದಾಗಿ ಸಾಯುತ್ತಾ ಹೋದಾಗ ದೇಹ ನಿಧಾನವಾಗುತ್ತದೆ, ಬಿಗಿಯುತ್ತದೆ, ಅನೇಕರಲ್ಲಿ ಕೈ ನಡುಗುತ್ತದೆ. ಸಾಯುವ ಕೋಶಗಳ ಒಳಗೆ ಒಂದು ಬಗೆಯ ಪ್ರೋಟೀನ್ ಗಂಟುಗಟ್ಟಿರುತ್ತದೆ. ಆ ಗಂಟುಗಳನ್ನು 1912ರಲ್ಲೇ ಫ್ರೆಡ್ರಿಕ್ ಲೆವಿ ಎಂಬ ವಿಜ್ಞಾನಿ ಕಂಡಿದ್ದರು. ಅವು ಯಾವುದರಿಂದ ಆದವು ಎಂಬುದು ತಿಳಿಯಲು ಮಾತ್ರ ಇನ್ನೂ 85 ವರ್ಷ ಕಾಯಬೇಕಾಯಿತು.

ನಮ್ಮಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಪರಿಚಯವಾದದ್ದು ಮುಹಮ್ಮದ್ ಅಲಿಯವರಿಂದ. 1984ರಲ್ಲಿ, 42ನೇ ವಯಸ್ಸಿನಲ್ಲಿ ಅವರಿಗೆ ಪಾರ್ಕಿನ್ಸನ್ ಇರುವುದು ಪತ್ತೆಯಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅವರು ಜ್ಯೋತಿ ಬೆಳಗಿಸಿದ್ದನ್ನು ಟಿವಿಯಲ್ಲಿ ನೋಡಿದವರಿಗೆ ನೆನಪಿರಬಹುದು. ಎಡಗೈ ಎಡೆಬಿಡದೆ ನಡುಗುತ್ತಿತ್ತು, ಬಲಗೈಯಲ್ಲಿ ಪಂಜು ಇತ್ತು. ಇಡೀ ಜಗತ್ತು ನೋಡುತ್ತಿತ್ತು, ಅವರು ಆ ಕೈಯನ್ನು ಮುಚ್ಚಿಡಲಿಲ್ಲ. 2016ರಲ್ಲಿ ತೀರಿಕೊಳ್ಳುವವರೆಗೆ 32 ವರ್ಷ ಅವರು ಕಾಯಿಲೆಯೊಂದಿಗೇ ಬದುಕಿದರು. ನಮ್ಮ ಮಾಮು ಅವರ ದೊಡ್ಡ ಅಭಿಮಾನಿ. ಆದರೂ ಹಿಂದಿನ ಕೋಣೆಯಲ್ಲಿ ಕುಳಿತಿದ್ದರು.

ಈಗ 'ರಕ್ತದಲ್ಲಿ ಬರುತ್ತದೆ' ಎಂಬ ಮಾತಿಗೆ ಬರೋಣ. ಮೂವತ್ತು-ನಲವತ್ತು ವರ್ಷದ ಹಿಂದೆ ಈ ಮಾತು ಹೇಳಿದ್ದರೆ ದೊಡ್ಡ ವೈದ್ಯರೇ ನಗುತ್ತಿದ್ದರು. ಪಾರ್ಕಿನ್ಸನ್‌ಗೂ ಆನುವಂಶಿಕತೆಗೂ ಸಂಬಂಧವಿಲ್ಲ ಎಂಬುದೇ ಆಗಿನ ನಂಬಿಕೆ. ಅದನ್ನು ಬದಲಿಸಿದ್ದು ದಕ್ಷಿಣ ಇಟಲಿಯ ಕೊಂತುರ್ಸಿ ಎಂಬ ಊರಿನ ಒಂದು ಕುಟುಂಬ. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರ ಸಂತತಿಯಲ್ಲಿ ಪಾರ್ಕಿನ್ಸನ್ ಮತ್ತೆ ಮತ್ತೆ ಕಾಣಿಸುತ್ತಿರುವುದು ನ್ಯೂಜೆರ್ಸಿಯ ಲಾರೆನ್ಸ್ ಗೋಲ್ಬ್ ಮತ್ತು ರೋಜರ್ ದುವೊಸಾ ಎಂಬ ವೈದ್ಯರ ಗಮನಕ್ಕೆ ಬಂತು. ಅವರು ವಂಶಾವಳಿ ಬರೆಯುತ್ತಾ ಹೋದರು. ಚರ್ಚಿನ ಹಳೆಯ ದಾಖಲೆ, ಅಜ್ಜಿಯರ ನೆನಪು ಎಲ್ಲವನ್ನೂ ಸೇರಿಸಿದಾಗ ಒಂದೇ ಮರದ ಕೊಂಬೆಗಳಲ್ಲಿ ಐವತ್ತಕ್ಕೂ ಹೆಚ್ಚು ರೋಗಿಗಳು ಸಿಕ್ಕರು. ಆ ಕುಟುಂಬದವರು ಕೊಟ್ಟ ರಕ್ತದ ಮಾದರಿಗಳಿಂದ 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡ ಪಾರ್ಕಿನ್ಸನ್ ಉಂಟುಮಾಡುವ ಮೊದಲ ಜೀನ್ ದೋಷವನ್ನು ಕಂಡುಹಿಡಿಯಿತು. ಆ ಜೀನ್ ತಯಾರಿಸುವ ಪ್ರೋಟೀನಿನ ಹೆಸರು ಆಲ್ಫಾ ಸಿನ್ಯೂಕ್ಲಿನ್. ಅದೇ ವರ್ಷ ಇನ್ನೊಂದು ತಂಡ, ಲೆವಿ ಕಂಡಿದ್ದ ಗಂಟುಗಳಲ್ಲಿ ತುಂಬಿರುವುದೂ ಅದೇ ಪ್ರೋಟೀನ್ ಎಂದು ತೋರಿಸಿತು.

ಇಲ್ಲಿ ಸ್ವಲ್ಪ ನಿಲ್ಲಿ. ಕೊಂತುರ್ಸಿ ಕುಟುಂಬದ ಆ ದೋಷ ಜಗತ್ತಿನಲ್ಲಿ ಬೆರಳೆಣಿಕೆಯ ಕುಟುಂಬಗಳಲ್ಲಷ್ಟೇ ಇದೆ. ಆದರೆ ಅದು ತೋರಿಸಿಕೊಟ್ಟ ಪ್ರೋಟೀನಿನ ಗಂಟು ಹೆಚ್ಚುಕಡಿಮೆ ಎಲ್ಲ ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲೂ ಇದೆ, ಜೀನ್ ದೋಷ ಇಲ್ಲದವರಲ್ಲಿಯೂ. ಆ ಪ್ರೋಟೀನನ್ನು ತಡೆಯುವ ಔಷಧಿಗಳ ಹುಡುಕಾಟ ಇಂದು ನಡೆಯುತ್ತಿರುವುದು ಅದೊಂದು ಕುಟುಂಬ ತನ್ನ ಕಾಯಿಲೆಯನ್ನು ಬಚ್ಚಿಡದೆ ರಕ್ತ ಕೊಟ್ಟಿದ್ದರಿಂದ. ನಮ್ಮ ಹಿರಿಯರು 'ಊರಿಗೆ ಗೊತ್ತಾಗಬಾರದು' ಎಂದು ಮಾಡುವ ಗುಟ್ಟಿನ ಬೆಲೆ ಏನೆಂದು ಯೋಚಿಸುವಾಗಲೆಲ್ಲ ನನಗೆ ಆ ಊರು ನೆನಪಾಗುತ್ತದೆ.

2004ರಲ್ಲಿ ಇನ್ನೊಂದು ಜೀನ್ ಸಿಕ್ಕಿತು, ಎಲ್‌ಆರ್‌ಆರ್‌ಕೆ2. ಸ್ಪೇನಿನ ಬಾಸ್ಕ್ ಪ್ರದೇಶದ ಕುಟುಂಬಗಳೂ ಅದರ ಪತ್ತೆಗೆ ನೆರವಾಗಿದ್ದವು. ಹಾಗಾಗಿ ಅದರ ಪ್ರೋಟೀನಿಗೆ ಬಾಸ್ಕ್ ಭಾಷೆಯಲ್ಲಿ ನಡುಕ ಎಂಬ ಅರ್ಥದ ಪದದಿಂದ ದಾರ್ದಾರಿನ್ ಎಂದು ಹೆಸರಿಟ್ಟರು. ಎರಡು ವರ್ಷದ ಬಳಿಕ ಅಲ್ಜೀರಿಯಾ, ಮೊರಾಕ್ಕೊ, ಟ್ಯುನೀಸಿಯಾದಂಥ ಉತ್ತರ ಆಫ್ರಿಕಾದ ನಾಡುಗಳ ಅರಬ್ ರೋಗಿಗಳನ್ನು ಪರೀಕ್ಷಿಸಿದಾಗ ವಿಜ್ಞಾನಿಗಳೇ ಬೆರಗಾದರು. ಹತ್ತು ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಈ ಜೀನಿನ ಒಂದೇ ಬಗೆಯ ಬದಲಾವಣೆ ಇತ್ತು. ಯಹೂದಿಗಳ ಒಂದು ಪಂಗಡದಲ್ಲೂ ಅದು ಹೆಚ್ಚು. ಭಾರತದ ರೋಗಿಗಳಲ್ಲಿ ಹುಡುಕಿದರೆ ಅದೇ ಬದಲಾವಣೆ ಸಿಗುವುದು ತೀರಾ ಅಪರೂಪ.

ಇನ್ನೂ ಮುಖ್ಯವಾದ ಸಂಗತಿ ಬೇರೆಯೇ ಇದೆ. ಈ ಬದಲಾವಣೆ ಇರುವವರಲ್ಲಿ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಎಂಬತ್ತು ದಾಟಿಯೂ ಆರಾಮಾಗಿ ಓಡಾಡಿಕೊಂಡಿರುವವರು ಬಹಳ ಮಂದಿ. ಗೂಗಲ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಸೆರ್ಗೆ ಬ್ರಿನ್ ಅವರ ತಾಯಿಗೆ ಪಾರ್ಕಿನ್ಸನ್ ಇತ್ತು. ತನ್ನಲ್ಲೂ ಈ ಬದಲಾವಣೆ ಇದೆ ಎಂದು ಅವರು 2008ರಲ್ಲಿ ತಾವಾಗಿಯೇ ಲೋಕಕ್ಕೆ ತಿಳಿಸಿದರು. ಅವರ ಮಗಳಿಗೆ ವರ ಸಿಗುವುದಿಲ್ಲ ಎಂದು ಯಾರೂ ಚಿಂತಿಸಿದಂತಿಲ್ಲ.

ಹಂಟಿಂಗ್ಟನ್ ಎಂಬ ಕಾಯಿಲೆಯ ಜೊತೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅದೂ ಮೆದುಳು ಸವೆಯುವ ಕಾಯಿಲೆಯೇ. ಅಲ್ಲಿ ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಆ ಜೀನ್ ಬರುವ ಸಾಧ್ಯತೆ ಸರಿಯಾಗಿ ಅರ್ಧಕ್ಕರ್ಧ. ಪೂರ್ಣ ದೋಷ ಬಂದವರು ಸಾಕಷ್ಟು ಕಾಲ ಬದುಕಿದರೆ ಕಾಯಿಲೆ ತಪ್ಪದು. ವೆನಿಜುವೆಲಾದ ಮರಕೈಬೊ ಸರೋವರದ ದಡದ ಹಳ್ಳಿಗಳಲ್ಲಿ ಅದರ ಬೇರು ಹುಡುಕಿದ ನ್ಯಾನ್ಸಿ ವೆಕ್ಸ್ಲರ್ ಅವರ ತಾಯಿಗೂ ಅದೇ ಕಾಯಿಲೆ ಇತ್ತು, ಕೊನೆಗೆ ಅವರಿಗೂ ಬಂತು. ರಕ್ತದಲ್ಲಿ ಬರುವುದು ಎಂದರೆ ಅದು. ಪಾರ್ಕಿನ್ಸನ್ ಆ ಜಾತಿಯದಲ್ಲ. ಒಂದೇ ಜೀನಿನ ದೋಷದಿಂದಲೇ ಬಂತು ಎಂದು ಬೊಟ್ಟು ಮಾಡಬಹುದಾದ ಪ್ರಕರಣಗಳು ನೂರರಲ್ಲಿ ಐದರಿಂದ ಹತ್ತು. ಉಳಿದವರಲ್ಲಿ ಹತ್ತಾರು ಸಣ್ಣ ಸಣ್ಣ ಜೀನ್ ವ್ಯತ್ಯಾಸಗಳು, ವಯಸ್ಸು, ಪರಿಸರ ಎಲ್ಲವೂ ಸೇರಿಕೊಂಡಿರುತ್ತವೆ. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂಥ 90 ವ್ಯತ್ಯಾಸಗಳನ್ನು ಗುರುತಿಸಿತು. ಅವುಗಳಲ್ಲಿ ಕೆಲವು ನನ್ನಲ್ಲೂ ನಿಮ್ಮಲ್ಲೂ ಇದ್ದೇ ಇವೆ. ನಮ್ಮನ್ನು ನೋಡಲು ಬಂದಿದ್ದ ಆ ಬೀಗರಲ್ಲೂ ಇವೆ.

ಹಾಗಾದರೆ ಆ ಹುಡುಗಿಗೆ ನಾನು ಏನು ಹೇಳಿದೆ? ಜೀವಮಾನದಲ್ಲಿ ಈ ಕಾಯಿಲೆ ಬರುವ ಸಾಧ್ಯತೆ ಯಾರಿಗಾದರೂ ನೂರಕ್ಕೆ ಒಂದೋ ಎರಡೋ ಇರುತ್ತದೆ. ಹೆತ್ತವರಲ್ಲಿ ಒಬ್ಬರಿಗೆ ಇದ್ದರೆ ಅದು ಎರಡು ಮೂರು ಪಟ್ಟಾಗಬಹುದು. ಅಂದರೆ ಅವಳಂಥ ನೂರು ಹುಡುಗಿಯರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇದು ಬರುವುದೇ ಇಲ್ಲ, ಬಂದರೂ ಬಹುತೇಕ ಮುಪ್ಪಿನಲ್ಲಿ. ಗಣಿತದ ಮೇಷ್ಟ್ರ ಮಗಳಲ್ಲವೇ, ಅವಳಿಗೆ ಲೆಕ್ಕ ಕೂಡಲೇ ಅರ್ಥವಾಯಿತು. ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ ತಂದೆಯಿಂದ ಮಕ್ಕಳಿಗೆ ಇದಕ್ಕಿಂತ ಎಷ್ಟೋ ಹೆಚ್ಚಾಗಿ ಬರುತ್ತದೆ. ಅದಕ್ಕೆ ಹೆದರಿ ಸಂಬಂಧ ಬಿಟ್ಟವರನ್ನು ನಾನು ಈವರೆಗೆ ಕಂಡಿಲ್ಲ.

ಇನ್ನು ಈ ಲೇಖನದ ಕಹಿ ಭಾಗ. ನಮ್ಮ ಹುಡುಗಿಯನ್ನು ರಕ್ತದ ಮಾತೆತ್ತಿ ಬೇಡವೆಂದ ಮನೆಯ ಹುಡುಗನಿಗೆ ಈಗ ಸ್ವಂತ ಚಾಚಾನ ಮಗಳ ಜೊತೆಗೇ ಸಂಬಂಧ ಗೊತ್ತಾಗಿದೆಯಂತೆ. ಅಲ್ಲಾಹನು ಅವರನ್ನು ಸುಖವಾಗಿಡಲಿ. ಆದರೆ ಪಾರ್ಕಿನ್ಸನ್ ವಿಷಯದಲ್ಲಿ ರಕ್ತದ ಬಗ್ಗೆ ನಿಜವಾಗಿ ಯೋಚಿಸಬೇಕಾದ ಒಂದು ಜಾಗವಿದ್ದರೆ ಅದು ಇಂಥದ್ದೇ ಎಂಬುದನ್ನು ಹೇಳದೆ ಇರಲಾರೆ.

1998ರಲ್ಲಿ ಜಪಾನಿನ ವಿಜ್ಞಾನಿಗಳು ಪಾರ್ಕಿನ್ ಎಂಬ ಜೀನನ್ನು ಕಂಡುಹಿಡಿದರು. ಇಪ್ಪತ್ತರ, ಮೂವತ್ತರ ಹರೆಯದಲ್ಲೇ ಪಾರ್ಕಿನ್ಸನ್ ಬಂದವರನ್ನು ಅವರು ಅಧ್ಯಯನ ಮಾಡುತ್ತಿದ್ದರು. ಆಮೇಲೆ 2003ರಲ್ಲಿ ಡಿಜೆ-1, 2004ರಲ್ಲಿ ಪಿಂಕ್1 ಎಂಬ ಇನ್ನೆರಡು ಜೀನ್‌ಗಳು ಸಿಕ್ಕವು. ನಮ್ಮ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಪುಟ್ಟ ಘಟಕಗಳಿವೆ. ಅವುಗಳಲ್ಲಿ ಕೆಟ್ಟದ್ದನ್ನು ಗುರುತಿಸಿ ಹೊರಹಾಕುವ ಕೆಲಸ ಪಿಂಕ್1 ಮತ್ತು ಪಾರ್ಕಿನ್‌ನದು. ಈ ಕೆಲಸ ನಿಂತರೆ ಕೆಟ್ಟ ಘಟಕಗಳು ಒಳಗೇ ರಾಶಿಬಿದ್ದು ಕೋಶ ಸಾಯುತ್ತದೆ.

ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳಿರುತ್ತವೆ, ತಾಯಿಯದೊಂದು ತಂದೆಯದೊಂದು. ಪಾರ್ಕಿನ್‌ನಂಥ ಜೀನಿನಲ್ಲಿ ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದು ಕೆಲಸ ತೂಗಿಸಿಕೊಂಡು ಹೋಗುತ್ತದೆ, ಕಾಯಿಲೆ ಬರುವುದಿಲ್ಲ. ಎರಡೂ ಕೆಟ್ಟಿದ್ದರೆ ಮಾತ್ರ ಬರುತ್ತದೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಮಗುವಿಗೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಬೇರೆ ಬೇರೆ ವಂಶದವರಾದರೆ ಇಬ್ಬರಲ್ಲೂ ಒಂದೇ ಜೀನ್ ಕೆಟ್ಟಿರುವುದು ಅಪರೂಪ. ಆದರೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳು ತಮ್ಮ ಜೀನ್‌ಗಳಲ್ಲಿ ಸರಾಸರಿ ಎಂಟನೇ ಒಂದು ಭಾಗವನ್ನು ಒಂದೇ ಅಜ್ಜ-ಅಜ್ಜಿಯಿಂದ ಪಡೆದಿರುತ್ತಾರೆ. ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಸೇರುವ ಸಾಧ್ಯತೆ ಅಲ್ಲಿ ಹೆಚ್ಚು. ಪಾರ್ಕಿನ್, ಪಿಂಕ್1 ಸಿಕ್ಕ ಕುಟುಂಬಗಳಲ್ಲಿ ಹಲವು ರಕ್ತಸಂಬಂಧದೊಳಗೆ ಮದುವೆಯಾದವುಗಳೇ.

ಇದನ್ನು ಓದಿ ಕೆಲವರು, ಮತ್ತೆ ನಮ್ಮ ಸಮುದಾಯದ ಮೇಲೇ ಬೊಟ್ಟು ಎಂದು ಬೇಸರಪಡಬಹುದು. ಬೇಸರ ಬೇಡ. ಕರ್ನಾಟಕದಲ್ಲಿ 1980ರ ದಶಕದಲ್ಲಿ ಸಾವಿರಾರು ತಾಯಂದಿರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ ಹಿಂದೂ ಕುಟುಂಬಗಳಲ್ಲಿ ಸುಮಾರು ಮೂರನೇ ಒಂದು ಭಾಗ, ಮುಸ್ಲಿಮರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಮದುವೆಗಳು ರಕ್ತಸಂಬಂಧದೊಳಗೆ ನಡೆದಿದ್ದವು. ಸೋದರಮಾವನಿಗೇ ಅಕ್ಕನ ಮಗಳನ್ನು ಕೊಡುವ ಪದ್ಧತಿ ಈ ನಾಡಿನ ಬಹಳ ಜಾತಿಗಳಲ್ಲಿದೆ. ಅಲ್ಲಿ ರಕ್ತ ಇನ್ನೂ ಹತ್ತಿರದ್ದು. ಮಾವ-ಸೊಸೆಯ ಈ ಮದುವೆ ನಮ್ಮಲ್ಲಿ ನಿಷಿದ್ಧ. ಚಾಚಾ-ಮಾಮು ಮಕ್ಕಳ ನಡುವಿನ ಮದುವೆಗೆ ಅನುಮತಿ ಇದೆ, ಆದರೆ ಅದು ಮಾಡಲೇಬೇಕಾದದ್ದೇನೂ ಅಲ್ಲ. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರಿಗೇ ಇರಲಿ ಎಂಬುದೇ ಬಹುತೇಕ ಕಾರಣ. ಅದನ್ನು ಧರ್ಮದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಸೋದರಸಂಬಂಧಿಗಳು ಮದುವೆಯಾದರೆ ಮಕ್ಕಳಿಗೆ ಪಾರ್ಕಿನ್ಸನ್ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಅಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ನಾನು ಹೇಳುವುದು ಇಷ್ಟೇ: ನಿಮ್ಮ ವಂಶದಲ್ಲಿ ಯಾರಿಗಾದರೂ ನಲವತ್ತಕ್ಕೆ ಮೊದಲೇ ಪಾರ್ಕಿನ್ಸನ್ ಬಂದಿದ್ದರೆ, ಅದರಲ್ಲೂ ಒಡಹುಟ್ಟಿದ ಇಬ್ಬರಿಗೆ ಬಂದಿದ್ದರೆ, ಆ ವಂಶದೊಳಗೇ ಇನ್ನೊಂದು ಸಂಬಂಧ ಬೆಳೆಸುವ ಮುನ್ನ ಒಬ್ಬ ನರರೋಗ ತಜ್ಞರನ್ನೂ ಒಬ್ಬ ಜೆನೆಟಿಕ್ ಸಲಹೆಗಾರರನ್ನೂ ಕಾಣಿರಿ. ಅರವತ್ತರಲ್ಲಿ ಕೈ ನಡುಗಿದ ಮಾಮುವನ್ನು ಬಚ್ಚಿಡುತ್ತೇವೆ. ಮೂವತ್ತೆರಡರಲ್ಲಿ ಕಾಲೆಳೆಯತೊಡಗಿದ ಅಣ್ಣನಿಗೆ ಯಾರದೋ ಕಣ್ಣು ತಾಗಿತು ಎಂದು ತಾಯಿತ ಕಟ್ಟಿಸಿ, ಅವನ ತಂಗಿಯನ್ನು ಮಾಮುವಿನ ಮಗನಿಗೇ ಕೊಡುತ್ತೇವೆ. ಭಯಪಡಬೇಕಾದ ಕಡೆ ಧೈರ್ಯ, ಧೈರ್ಯವಾಗಿರಬೇಕಾದ ಕಡೆ ಭಯ.

ಚಿಕ್ಕ ವಯಸ್ಸಿನಲ್ಲೇ ಬರುವ ಈ ಬಗೆಯದ್ದು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ಔಷಧಿಗೂ ಚೆನ್ನಾಗಿ ಬಗ್ಗುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು. ಕಾರಣ ತಿಳಿದರೆ ಆ ಅಣ್ಣನಿಗೂ ನೆಮ್ಮದಿಯೇ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಮೇಲೆ ಹೇಳಿದ 90 ವ್ಯತ್ಯಾಸಗಳನ್ನು ಹುಡುಕಿದ್ದು ಯುರೋಪ್ ಮೂಲದ ಜನರ ರಕ್ತದಲ್ಲಿ. ಬೇರೆಯವರ ರಕ್ತ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ಜಿಬಿಎ1 ಎಂಬ ಜೀನನ್ನೇ ತೆಗೆದುಕೊಳ್ಳಿ. ಅದರ ಎರಡೂ ಪ್ರತಿ ಕೆಟ್ಟರೆ ಮಕ್ಕಳಿಗೆ ಗೋಶೆ ಎಂಬ ಅಪರೂಪದ ಕಾಯಿಲೆ ಬರುತ್ತದೆ. ಆ ರೋಗಿಗಳಲ್ಲೂ ಅವರ ಮನೆಯವರಲ್ಲೂ ಪಾರ್ಕಿನ್ಸನ್ ಹೆಚ್ಚಾಗಿ ಕಾಣುತ್ತಿದೆ ಎಂಬುದು ಚಿಕಿತ್ಸೆ ನೀಡುತ್ತಿದ್ದ ವೈದ್ಯರ ಕಣ್ಣಿಗೆ ಬಿದ್ದು, ಹಲವು ದೇಶಗಳ ಪರೀಕ್ಷೆಯ ಬಳಿಕ 2009ರಲ್ಲಿ ಅದು ಖಚಿತವಾಯಿತು. ಒಂದೇ ಪ್ರತಿ ಕೆಟ್ಟಿದ್ದರೂ ಪಾರ್ಕಿನ್ಸನ್ ಅಪಾಯ ಹೆಚ್ಚುತ್ತದೆ. ಆದರೆ ಇದೇ ಜೀನಿನಲ್ಲಿ ಯುರೋಪಿಯನ್ನರಲ್ಲಿ ಕಾಣದ ಇನ್ನೊಂದು ವ್ಯತ್ಯಾಸ ಆಫ್ರಿಕಾ ಮೂಲದವರಲ್ಲಿ ಬಹಳ ಸಾಮಾನ್ಯವಾಗಿದೆ ಎಂದು ಗೊತ್ತಾದದ್ದು 2023ರಲ್ಲಿ. ಲಾಗೋಸ್ ನಗರದ ವೈದ್ಯೆ ಎನ್‌ಜಿದೆಕಾ ಒಕುಬದೆಜೊ ಮತ್ತಿತರರು ನೈಜೀರಿಯಾದ ರೋಗಿಗಳ ಮಾದರಿ ಸೇರಿಸಿದ್ದರಿಂದ ಅದು ಸಾಧ್ಯವಾಯಿತು. ನೈಜೀರಿಯಾದವರು ರಕ್ತ ಕೊಡದೇ ಇದ್ದಿದ್ದರೆ ಅದು ಇಂದಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮ ರಕ್ತದಲ್ಲಿ ಏನಿದೆ? ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ನಮ್ಮ ದೇಶದ ಹಲವು ಕೇಂದ್ರಗಳಲ್ಲಿ ಈ ಸಂಶೋಧನೆ ನಡೆದಿದೆ, ನಡೆಯುತ್ತಿದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಮಾದರಿ ಪರೀಕ್ಷಿಸುವ ಗುರಿಯ ಜಾಗತಿಕ ಯೋಜನೆಯೊಂದು ಯುರೋಪಿನ ಹೊರಗಿನ ನಾಡುಗಳಿಗೇ ಹೆಚ್ಚು ಗಮನ ಕೊಡುತ್ತಿದೆ. ಭಾರತದಲ್ಲಿ ಮಾತ್ರ ಸಮುದಾಯ ಸಮುದಾಯಗಳೊಳಗೇ ಮದುವೆಯಾಗುತ್ತಾ ಬಂದಿರುವುದರಿಂದ ಒಂದೊಂದು ಸಮುದಾಯದ ಚರಿತ್ರೆಯೂ ಬೇರೆ. ಮುಂಬಯಿಯ ಪಾರ್ಸಿ ಕಾಲೊನಿಗಳಲ್ಲಿ 1980ರ ದಶಕದಲ್ಲಿ ಮನೆಮನೆಗೆ ಹೋಗಿ ನೋಡಿದಾಗ ಲಕ್ಷಕ್ಕೆ 328 ಮಂದಿಗೆ ಪಾರ್ಕಿನ್ಸನ್ ಇತ್ತು. ಪಾರ್ಸಿಗಳಲ್ಲಿ ವಯಸ್ಸಾದವರ ಸಂಖ್ಯೆ ಹೆಚ್ಚು ಎಂಬುದೂ ಅದಕ್ಕೆ ಒಂದು ಕಾರಣ. ಅವರು ಬಾಗಿಲು ತೆರೆದು ಉತ್ತರ ಕೊಟ್ಟರು, ಲೆಕ್ಕ ಸಿಕ್ಕಿತು. ಬ್ಯಾರಿಗಳದ್ದು, ನವಾಯತರದ್ದು, ಹೈದರಾಬಾದ್ ಕರ್ನಾಟಕದ ಉರ್ದು ಮಾತಾಡುವವರದ್ದು ಹೀಗೆ ನಮ್ಮದೇ ಲೆಕ್ಕ ಬೇಕಾದರೆ ನಾವೇ ಬಾಗಿಲು ತೆರೆಯಬೇಕು.

ಹಾಗಾಗಿ ದೊಡ್ಡ ಆಸ್ಪತ್ರೆಯಲ್ಲಿ ಸಂಶೋಧನೆಗೆಂದು ನಿಮ್ಮ ತಂದೆಯ ಹತ್ತು ಎಂಎಲ್ ರಕ್ತ ಕೇಳಿದರೆ ಕೊಡಿ ಎಂಬುದು ನನ್ನ ಅಭಿಪ್ರಾಯ. ಕಣ್ಣುಮುಚ್ಚಿ ಸಹಿ ಹಾಕಿ ಎಂದಲ್ಲ. ಈ ಮಾದರಿ ಎಲ್ಲಿಗೆ ಹೋಗುತ್ತದೆ, ಹೆಸರು ಗುಟ್ಟಾಗಿರುತ್ತದೆಯೇ, ಫಲಿತಾಂಶ ನಮಗೆ ಹೇಳುತ್ತೀರಾ, ಮುಂದೆ ಬೇಡವೆನಿಸಿದರೆ ಹಿಂತೆಗೆದುಕೊಳ್ಳಬಹುದೇ ಎಂದು ಕೇಳಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವಂತೆ ಕೇಳಿ. ಅದು ನಿಮ್ಮ ಹಕ್ಕು. ಸಂಶೋಧನೆಗೆ ರಕ್ತ ಕೊಡುವುದು ಬೇರೆ, ಆನ್‌ಲೈನ್‌ನಲ್ಲಿ ಜಾಹೀರಾತು ನೋಡಿ ಕೊಳವೆಗೆ ಎಂಜಲು ಉಗುಳಿ ಕಳುಹಿಸಿ ಭವಿಷ್ಯ ತಿಳಿಯಲು ಹೋಗುವುದು ಬೇರೆ. ಕಾಯಿಲೆಯ ಯಾವ ಲಕ್ಷಣವೂ ಇಲ್ಲದ ಹುಡುಗ ಹುಡುಗಿಯರು ಸಲಹೆಗಾರರ ಜೊತೆ ಮಾತಾಡದೆ ಅಂಥ ಪರೀಕ್ಷೆ ಮಾಡಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಕೈಗೆ ಬಂದ ಕಾಗದದಲ್ಲಿ ಉತ್ತರಕ್ಕಿಂತ ದಿಗಿಲೇ ಹೆಚ್ಚಿರುತ್ತದೆ. ಮದುವೆಗೆ ಮೊದಲು ಜೀನ್ ರಿಪೋರ್ಟ್ ಕೇಳುವ ಬೀಗರು ಮುಂದೊಂದು ದಿನ ಬಂದೇ ಬರುತ್ತಾರೆ, ನೋಡುತ್ತಿರಿ. ಜೀನ್ ಆಧಾರದ ಮೇಲೆ ಆರೋಗ್ಯ ವಿಮೆಯಲ್ಲೋ ಉದ್ಯೋಗದಲ್ಲೋ ತಾರತಮ್ಯ ಮಾಡಬಾರದೆಂದು ಅಮೆರಿಕದಲ್ಲಿ 2008ರಲ್ಲೇ ಕಾನೂನು ಬಂದಿದೆ. ನಮ್ಮಲ್ಲೂ ಅಂಥದ್ದೊಂದು ಪ್ರತ್ಯೇಕ ಕಾನೂನು ಬೇಕೆಂದು ಕೇಳುವವರಲ್ಲಿ ನಾವೂ ಇರಬೇಕು.

ಜೀನ್‌ಗಳ ಮಾತು ಜೋರಾದಂತೆ ಕಣ್ಣೆದುರಿನ ಕಾರಣಗಳು ಮರೆತುಹೋಗುವುದೂ ಉಂಟು. ತೋಟಗಳಲ್ಲಿ ಕಳೆ ಸುಡಲು ಸಿಂಪಡಿಸುವ ಪ್ಯಾರಾಕ್ವಾಟ್ ಎಂಬ ವಿಷಕ್ಕೂ ಪಾರ್ಕಿನ್ಸನ್‌ಗೂ ನಂಟಿದೆ ಎಂದು ಹಲವು ಅಧ್ಯಯನಗಳು ಹೇಳಿವೆ. ತಯಾರಕರು ಒಪ್ಪುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ನಿಷೇಧವಿದೆ, ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ. ಅಡಿಕೆ, ಕಾಫಿ ತೋಟದಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಬರಿಗೈಯಲ್ಲಿ, ಮುಖಕ್ಕೆ ಟವೆಲ್ ಸುತ್ತಿ ಅದನ್ನು ಹೊಡೆಯುತ್ತಾರೆ. ಕೈಗವಸು, ಮಾಸ್ಕ್, ಬೂಟು ಇಲ್ಲದೆ ಪಂಪ್ ಹೆಗಲಿಗೇರಿಸಬೇಡಿ. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಮನೆಯಲ್ಲಿ ರೋಗಿ ಇರುವವರಿಗೆ ಮಾಮುವಿನಿಂದ ನಾವು ಕಲಿತ ಕೆಲವು ಸಂಗತಿ ಹೇಳುತ್ತೇನೆ. ನಡುಗುವ ಕೈಯೆಲ್ಲ ಪಾರ್ಕಿನ್ಸನ್ ಅಲ್ಲ. ಲೋಟ ಎತ್ತುವಾಗ ಮಾತ್ರ ನಡುಗುವ ಬೇರೊಂದು ನಡುಕವಿದೆ, ಅದು ಇನ್ನೂ ಸಾಮಾನ್ಯ. ತಲೆಸುತ್ತಿಗೆ, ವಾಂತಿಗೆ, ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ಪಾರ್ಕಿನ್ಸನ್‌ನಂಥದೇ ಲಕ್ಷಣ ಬರುತ್ತದೆ, ನಿಲ್ಲಿಸಿದರೆ ಬಹುತೇಕ ಹೋಗುತ್ತದೆ. ಆದ್ದರಿಂದ ತಜ್ಞರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಲೆವೊಡೋಪಾ ಮಾತ್ರೆಯನ್ನು ಗಡಿಯಾರ ನೋಡಿಯೇ ಕೊಡಬೇಕು. ಮಾಂಸ, ಬೇಳೆಯ ಊಟದ ಜೊತೆ ಕೊಟ್ಟರೆ ಅದು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಒಳ್ಳೆಯದು. ಅದನ್ನು ಏಕಾಏಕಿ ನಿಲ್ಲಿಸುವುದು ಜೀವಕ್ಕೇ ಅಪಾಯ. ರಮಝಾನ್‌ನಲ್ಲಿ ಹಿರಿಯರು ಹಟ ಹಿಡಿದು ಮಾತ್ರೆ ಬಿಟ್ಟು ಉಪವಾಸ ಹಿಡಿಯುವುದಿದೆ. ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ, ಅವರಿಗೆ ಅದನ್ನು ನೆನಪಿಸಿ. ಸುಜೂದ್‌ನಿಂದ ಎದ್ದಾಗ ಬಿ.ಪಿ. ಇಳಿದು ಕಣ್ಣುಕತ್ತಲೆ ಬರಬಹುದು, ಮಸೀದಿಯಲ್ಲಿ ಒಂದು ಕುರ್ಚಿ ಇಟ್ಟುಕೊಡಿ.

ನಸುಗುನ್ನಿ ಬೀಜದ ಪುಡಿಯ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಅದರಲ್ಲಿ ಲೆವೊಡೋಪಾ ಇರುವುದು ನಿಜ. ಅದಕ್ಕೇ ಮಾತ್ರೆಯ ಜೊತೆಗೆ ಅಳತೆಯಿಲ್ಲದೆ ತಿನ್ನುವುದು ಅಪಾಯ. ಇನ್ನೊಂದು ಕಥೆ ವಾಟ್ಸಾಪ್‌ನಲ್ಲಿ ಬರುತ್ತದೆ, ಕೆಮ್ಮಿನ ಸಿರಪ್‌ನಿಂದ ಪಾರ್ಕಿನ್ಸನ್ ಗುಣವಾಗುತ್ತದಂತೆ. ಅದರ ಹಿಂದೆಯೂ ಒಂದು ತುಣುಕು ನಿಜವಿದೆ. ಕಫದ ಔಷಧಿಯಾದ ಆಂಬ್ರೊಕ್ಸಾಲ್, ಜಿಬಿಎ1 ಜೀನ್ ತಯಾರಿಸುವ ಕಿಣ್ವಕ್ಕೆ ಬಲ ಕೊಡುತ್ತದೆ ಎಂದು ಕಂಡುಬಂದಿದೆ. ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡುವ ಪ್ರಯೋಗ ಬ್ರಿಟನ್ನಿನಲ್ಲಿ ನಡೆಯುತ್ತಿದೆ. ಪ್ರಯೋಗದ ಉತ್ತರ ಬರುವವರೆಗೆ ಸಿರಪ್ ಬಾಟಲಿ ಕೆಮ್ಮಿಗಷ್ಟೇ ಇರಲಿ.

ಮಾಮುವಿನ ಮಗಳಿಗೆ ಇನ್ನೊಂದು ಸಂಬಂಧ ಬಂದಿದೆ. ಹುಡುಗ ದಾವಣಗೆರೆಯವನು, ಔಷಧಿ ಅಂಗಡಿ ಇಟ್ಟುಕೊಂಡಿದ್ದಾನೆ. ಈ ಸಲ ಫೋನ್‌ನಲ್ಲೇ ನಾನು ಎಲ್ಲ ಹೇಳಿಬಿಟ್ಟೆ. ಆ ಕಡೆಯಿಂದ ಹುಡುಗನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅತ್ತೆಗೂ ಇತ್ತು, ನಾವು ಯಾರಿಗೂ ಹೇಳಿರಲಿಲ್ಲ" ಎಂದರು. ಬರುವ ಭಾನುವಾರ ಬರುತ್ತಾರೆ. ಮಾಮು ಹಾಲ್‌ನಲ್ಲೇ ಕುಳಿತಿರುತ್ತಾರೆ. ಅವರ ಚಹಾವನ್ನು ದೊಡ್ಡ ಲೋಟದಲ್ಲಿ ಅರ್ಧ ಮಾತ್ರ ಹಾಕಿ ಕೊಡಬೇಕೆಂದು ಮುಮಾನಿಗೆ ಹೇಳಿಟ್ಟಿದ್ದೇನೆ.